ಎರಡನೇ ಸಲ ಬಾರದ ತೊಂಬತ್ನಾಲ್ಕು

2025ರ ಫೆಬ್ರುವರಿ 14, ಶುಕ್ರವಾರ, ಬೆಳಿಗ್ಗೆ 9:40. ಗೋಕಾಕ ಠಾಣೆಗೆ ದೂರುದಾರರು ಬಂದಾಗ ಹೆಡ್ ಕಾನ್‌ಸ್ಟೇಬಲ್ ಪರಪ್ಪ ಫೋನಿನಲ್ಲಿ ಹೆಂಡತಿಯ ಜೊತೆ ಪಿಸುದನಿಯಲ್ಲಿ ಜಗಳಾಡುತ್ತಿದ್ದ.

"ತಾಯವ್ವನ ಕಾಲು ಬಾತಾವ ಅಂತೀನಿ. ತಲಿನೂ ನೋಯಾಕತ್ತೈತಂತ," ಎಂದಳು ಹುಕ್ಕೇರಿಯ ಮನೆಯಿಂದ ದುಂಡವ್ವ. ಮಗಳು ತಾಯವ್ವ ಎರಡನೇ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿದ್ದವು.

"ದವಾಖಾನಿಗೆ ಕರ್ಕೊಂಡು ಹೋಗಿದ್ದಿಲ್ಲೋ?"

"ಹೋಗಿದ್ನಿರಿ. ನರ್ಸಬಾಯಿ ಮೊಬೈಲ್ ನೋಡಿ, ಹಸಿರು ಬಂದೈತಿ, ಮುಂದಿನ ವಾರ ಬರ್ರಿ ಅಂದ್ಲು. ಹಸಿರು ಬಂದವರಿಗೆ ಈಗ ಪ್ರತಿ ವಾರ ಬಿ.ಪಿ. ನೋಡೂದಿಲ್ಲಂತ."

ಪರಪ್ಪನಿಗೆ ಆ ಮಾತು ಸರಿಬರಲಿಲ್ಲ. ಆದರೂ "ಮಷೀನ್ ಸುಳ್ಳು ಹೇಳತೈತೇನು?" ಎಂದು ಗದರಿಸಿ ಫೋನ್ ಇಟ್ಟ. ಹೆದರಿದ ಗಂಡಸರು ಹೆಂಡಂದಿರ ಮೇಲೆ ಹರಿಹಾಯುವುದು ಹೊಸದೇನಲ್ಲ.

ಎದುರಿಗೆ ಕುಳಿತಿದ್ದ ದೂರುದಾರರು ಡಾ. ಈಶ್ವರ, ಊರಾಚೆಯ 'ತಾಯಿಬೆಳಕು' ಸಂಶೋಧನಾ ಕೇಂದ್ರದ ಮುಖ್ಯಸ್ಥರು. ಆ ಹಸಿರು ಬಣ್ಣ ಕೊಡುವ ಪ್ರೋಗ್ರಾಂ ಇವರ ಕೇಂದ್ರದ್ದೇ. ಬಸುರಿಯ ರಕ್ತ, ತೂಕ, ವಯಸ್ಸು ಹಾಕಿದರೆ ಹೆರಿಗೆಯಲ್ಲಿ ಅಪಾಯವಿದೆಯೋ ಇಲ್ಲವೋ ಹೇಳುತ್ತಿತ್ತು; ಹಸಿರು ಎಂದರೆ ಅಪಾಯವಿಲ್ಲ. ಮೂಡಲಗಿ ತಾಲ್ಲೂಕಿನ ಹೆಂಗಸರ ಮಾಹಿತಿಯಿಂದ ಅದಕ್ಕೆ ಕಲಿಸಿ, ಹುಕ್ಕೇರಿ ತಾಲ್ಲೂಕಿನವರ ಮೇಲೆ ಪರೀಕ್ಷೆ ಮಾಡಿದ್ದರು. ನೂರಕ್ಕೆ ತೊಂಬತ್ನಾಲ್ಕು ಸರಿ ಬಂದಿತ್ತು. ಮೂಲ ಮಾಹಿತಿಯೆಲ್ಲ ಇದ್ದ ಕಂಪ್ಯೂಟರೇ ಈಗ ಕಳುವಾಗಿತ್ತು.

"ಇನ್ನೊಂದು ಕಾಪಿ?" ಪಿಎಸ್‌ಐ ಆಮ್ರಪಾಲಿ ಕೇಳಿದರು.

"ಒಂದು ಡಿಸ್ಕಿನಾಗ ಇತ್ತು ಮೇಡಂ. ಅದನ್ನೂ ಒಯ್ದಾರ. ಸೋಮವಾರ ಧಾರವಾಡದಿಂದ ತಜ್ಞರು ಬರಾವ್ರು. ಅದೇ ಪ್ರೋಗ್ರಾಂ ಗೋಕಾಕದ ಹೆಂಗಸರ ಮ್ಯಾಲೆ ತಾವ ಓಡಿಸಿ ನೋಡ್ತೀವಿ ಅಂದಾರ."

10:15ಕ್ಕೆ ಎಫ್‌ಐಆರ್ ದಾಖಲಾಯಿತು. 11 ಗಂಟೆಗೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ಎರಡು ಹೊಸ ಲ್ಯಾಪ್‌ಟಾಪ್ ಹಾಗೇ ಇದ್ದವು. ಹೋದದ್ದು ಏಳು ವರ್ಷದ ಹಳೇ ಡಬ್ಬ. ಕಳ್ಳನಿಗೆ ಹಳೇ ಸಾಮಾನಿನ ಮೇಲೆ ಇಷ್ಟು ಪ್ರೀತಿ ಇದ್ದದ್ದನ್ನು ಪರಪ್ಪ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಪ್ರೋಗ್ರಾಂ ಬರೆದವನು ವಿಠ್ಠಲ, ಇಪ್ಪತ್ತೇಳರ ಸಣಕಲು ಯುವಕ. ಕೀಲಿ ಇದ್ದದ್ದು ಇವನ ಹತ್ತಿರ ಮತ್ತು ಡಾಕ್ಟರ ಹತ್ತಿರ.

"ನಿನ್ನೆ ಎಷ್ಟಕ್ಕ ಹೋದ್ರಿ?" ಆಮ್ರಪಾಲಿ ಕೇಳಿದರು.

"ಐದೂವರೆಗೆ. ತೊಂಬತ್ನಾಲ್ಕು ಖರೇನ ಬಂದಿತ್ರಿ ಮೇಡಂ."

"ನಾ ಅದನ್ನ ಕೇಳಲಿಲ್ಲ."

ಆಮ್ರಪಾಲಿ ಡೈರಿಯಲ್ಲಿ ಏನೋ ಬರೆದುಕೊಂಡರು.

ಎದುರಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಗುರುವಾರ ಸಂಜೆ 5:50ಕ್ಕೆ ಮಫ್ಲರ್ ಸುತ್ತಿಕೊಂಡ ಒಬ್ಬ ಚೀಲ ಹೊತ್ತು ಮೂಡಲಗಿ ಬಸ್ ಹತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್ ನೆನಪಿಸಿಕೊಂಡ: "ಚೀಲ ಕೆಳಗಿಡೋ ಅಂದ್ರ ಇಡವಲ್ಲ ಪುಣ್ಯಾತ್ಮ. ಕೂಸಿನಂಗ ತೊಡಿ ಮ್ಯಾಲೆ ಇಟಗೊಂಡು ಕುಂತಿದ್ದ." ಇಳಿದದ್ದು ಮೂಡಲಗಿಯಲ್ಲಿ.

ಕಂಪ್ಯೂಟರ್ ಸಿಕ್ಕರೆ ಗುರುತಿಸಲು ಬೇಕೆಂದು ವಿಠ್ಠಲನನ್ನೂ ಜೀಪಿಗೆ ಹತ್ತಿಸಿಕೊಂಡರು. ಕಲ್ಲೋಳಿ ದಾಟುವಾಗ ಪರಪ್ಪ ಮನೆಗೆ ಎರಡು ಸಲ ಫೋನ್ ಹಚ್ಚಿದ. ಯಾರೂ ಎತ್ತಲಿಲ್ಲ.

ಮೂಡಲಗಿಯ ಎರಡನೇ ರಿಪೇರಿ ಅಂಗಡಿಯಲ್ಲೇ ಡಬ್ಬ ಸಿಕ್ಕಿತು. ನೂರೆಂಟು ಕೆಟ್ಟ ಕಂಪ್ಯೂಟರ್‌ಗಳ ನಡುವೆ ಆರಾಮಾಗಿ ಕುಳಿತಿತ್ತು. ಡಿಸ್ಕು ಅದೇ ಚೀಲದಲ್ಲಿತ್ತು. ಅಂಗಡಿಯ ಪರಶುರಾಮ ರಸೀದಿ ಪುಸ್ತಕ ತೆಗೆದ. "ಅವಸರ ಇಲ್ಲ, ತಿಂಗಳ ಬಿಟ್ಟು ಒಯ್ತೀನಿ ಅಂದಾನ್ರಿ. ಮಫ್ಲರ್ ಸುತ್ತಿದ್ದ, ಮಾರಿ ಕಾಣಲಿಲ್ಲ. ಹೆಸರು ಮಲ್ಲೇಶ."

ರಸೀದಿಯಲ್ಲಿ ಮೊಬೈಲ್ ನಂಬರೂ ಇತ್ತು. ಆಮ್ರಪಾಲಿ ಅದನ್ನು ಒತ್ತಿದರು. ವಿಠ್ಠಲನ ಕಿಸೆ ರಿಂಗಾಯಿತು.

"ಹೆಸರು ಸುಳ್ಳು ಬರೆಸಿ ನಂಬರ್ ಯಾಕ ಖರೇದು ಕೊಟ್ಟಿಯೋ ಮಾರಾಯಾ?" ಪರಪ್ಪನಿಗೆ ಕೇಳದೆ ಇರಲಾಗಲಿಲ್ಲ.

"ಖಾನೆ ಇತ್ರಿ," ಎಂದ ವಿಠ್ಠಲ. "ತಪ್ಪು ನಂಬರ್ ಹಾಕಿದ್ರ ಮುಂದ ಯಾರಿಗೂ ಅದು ತಾಳೆ ಆಗೂದಿಲ್ಲ. ಕೈ ತಾನ ಖರೇದು ಬರೀತು."

ಇಬ್ಬರು ಪಂಚರ ಎದುರು, ಗುರುತಿಸುವುದಕ್ಕಷ್ಟೇ, ಕಂಪ್ಯೂಟರ್ ಚಾಲೂ ಮಾಡಿಸಿದರು. ವಿಠ್ಠಲ ಒಂದೊಂದೇ ವಿಷಯ ಬಾಯಿಬಿಟ್ಟ. ಧಾರವಾಡದವರು ಬರುವ ಮೊದಲು ತಾನೇ ಗೋಕಾಕದ ಇನ್ನೂರು ಹೆಂಗಸರ ಮೇಲೆ ಓಡಿಸಿ ನೋಡಿದ್ದ. ನೂರಕ್ಕೆ ಐವತ್ತೆಂಟೇ ಸರಿ ಬಂತು. ಮತ್ತೆ ಓಡಿಸಿದ. ಐವತ್ತೆಂಟು. ಹುಕ್ಕೇರಿಯ ಹಳೇ ಪಟ್ಟಿ ಹಾಕಿದರೆ ಮಾತ್ರ ತೊಂಬತ್ನಾಲ್ಕು. "ಎಲ್ಲಿ ತಪ್ಪೇನಿ ಅಂತ ಮೂರು ತಿಂಗಳು ಹುಡುಕೇನ್ರಿ. ಸಿಗಲಿಲ್ಲ."

ಪರಪ್ಪ ಮುಂದೆ ಬಂದ. "ಅದರಾಗ ನನ್ನ ಮಗಳು ಅದಾಳೇನು ನೋಡು. ತಾಯವ್ವ, ಹುಕ್ಕೇರಿ."

ಇದ್ದಳು. ಮೊದಲ ಹೆರಿಗೆ: 11 ಆಗಸ್ಟ್ 2022, ಬೆಳಿಗ್ಗೆ 6:10, ಗಂಡು, 2 ಕಿಲೊ 310 ಗ್ರಾಂ, ಅಪಾಯವಿಲ್ಲ.

ಮಗಳು ಗಂಡನ ಊರಲ್ಲೂ ಹೆಸರು ಬರೆಸಿದ್ದು ಪರಪ್ಪನಿಗೆ ನೆನಪಾಯಿತು. ಅಳಿಯನ ಊರು ಮೂಡಲಗಿ ತಾಲ್ಲೂಕಿನ ಮಸಗುಪ್ಪಿ. "ಮೂಡಲಗಿ ಪಟ್ಟ್ಯಾಗ ಮಸಗುಪ್ಪಿ ಭಾಗ್ಯಾ ಅಂತ ತಗಿ."

11 ಆಗಸ್ಟ್ 2022, ಬೆಳಿಗ್ಗೆ 6:10, ಗಂಡು, 2 ಕಿಲೊ 310 ಗ್ರಾಂ.

"ಇಬ್ಬರಲ್ಲೋ ತಮ್ಮಾ, ಒಬ್ಬಾಕಿನ!" ಪರಪ್ಪ ಕೂಗಿದ. "ಲಗ್ನದಾಗ ಅಕ್ಕಿ ಮ್ಯಾಲೆ ಬರದು ಭಾಗ್ಯಾ ಅಂತ ಹೆಸರಿಟ್ರು. ಬಸರಾದಾಗ ಗಂಡನ ಊರ ದವಾಖಾನ್ಯಾಗ ಆ ಹೆಸರು ಹಚ್ಚಿಸಿದ್ಲು. ಹಡಿಯಾಕ ತವರಿಗೆ ಬಂದಾಗ ಅವರವ್ವ ಹಳೇ ಹೆಸರು ಬರಸಿದ್ಲು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಎರಡು ಹೆಸರು, ಎರಡು ಊರು. ನಿನಗ ಯಾರೂ ಹೇಳಲಿಲ್ಲೇನು?"

ವಿಠ್ಠಲ ಎರಡೂ ಪಟ್ಟಿಗಳನ್ನು ಕೂಡಿಸಿ, ಹುಟ್ಟಿದ ಹೊತ್ತಿನ ಪ್ರಕಾರ ಜೋಡಿಸಿದ. ಸಾಲುಗಳು ಎರಡೆರಡಾಗಿ ನಿಂತವು. ಹುಕ್ಕೇರಿಯ 340 ಹೆಂಗಸರಲ್ಲಿ 261 ಮಂದಿ ಮೂಡಲಗಿಯ ಸೊಸೆಯರು.

"ಕಲಿಸಿದವರನ್ನ ಪರೀಕ್ಷಾಕ್ಕ ಕೂಡ್ಸೇವ್ರಿ," ಎಂದ. "ಅದು ಅಪಾಯ ಕಂಡು ಹಿಡಿದಿಲ್ಲ. ಹಳೇ ಗುರ್ತಿನವರನ್ನ ಗುರ್ತು ಹಿಡದೈತಿ."

ಹಾಗಾದರೆ ತಾಯವ್ವನ ಹಸಿರು ಈ ಬಸಿರಿನದ್ದಲ್ಲ, ಹಿಂದಿನ ಬಸಿರಿನದ್ದು! ಪರಪ್ಪ ವಿಠ್ಠಲನ ಕಾಲರ್ ಹಿಡಿದೇಬಿಟ್ಟ. "ಐವತ್ತೆಂಟು ಬಂದ ದಿನ ಒಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತೋ?"

"ಪರಪ್ಪನವರ, ಬಿಡ್ರಿ," ಆಮ್ರಪಾಲಿ ಗಟ್ಟಿಯಾಗಿ ಹೇಳಿದರು. "ಮೊದಲು ಮನಿಗೆ ಫೋನ್ ಹಚ್ಚರಿ."

ಈ ಸಲ ದುಂಡವ್ವ ಎತ್ತಿದಳು. "ಕಣ್ಣು ಮಂಜಾಗಾಕತ್ತಾವ ಅಂತಾಳ್ರೀ…"

"108ಕ್ಕ ಹಚ್ಚು. ಈಗಿಂದೀಗ. ಹಸಿರು ಗಿಸಿರು ಏನೂ ಕೇಳಬ್ಯಾಡ, ಸೀದಾ ಬೆಳಗಾವಿಗೆ ಹೋಗ್ರಿ!"

ಆಮ್ರಪಾಲಿ ಅಲ್ಲಿಂದಲೇ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಫೋನ್ ಮಾಡಿ, ಹಸಿರು ಬಂದವರನ್ನೆಲ್ಲ ಇಂದೇ ಕರೆಸಿ ನೋಡಲು ಹೇಳಿದರು. ಮಧ್ಯಾಹ್ನ 2:50ಕ್ಕೆ ವಿಠ್ಠಲನ ಬಂಧನವಾಯಿತು. ಜಪ್ತಿ ಪಂಚನಾಮೆಗೆ ಸಹಿ ಹಾಕುವಾಗ ಪರಪ್ಪನ ಹೆಸರು ಅವನಿಗೇ ಓದಲು ಬಾರದಂತಿತ್ತು. ಜೀಪು ಅವನನ್ನು ಬೆಳಗಾವಿ ಬಸ್ಸಿಗೆ ಬಿಟ್ಟು ಬಂತು.

ಠಾಣೆಯಲ್ಲಿ ವಿಠ್ಠಲ ಕೊಟ್ಟ ಹೇಳಿಕೆ ಚಿಕ್ಕದು. ತೊಂಬತ್ನಾಲ್ಕು ಬಂದ ದಿನ ಡಾಕ್ಟರು ಅವನಿಗೆ ಹಾರ ಹಾಕಿದ್ದರು. ಮನೆಯಲ್ಲಿ ಅವ್ವ ಓಣಿಗೆಲ್ಲ ಪೇಢೆ ಹಂಚಿದ್ದಳು. ಅದು ಮತ್ತೆ ಬರಲಿಲ್ಲ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಕಂಪ್ಯೂಟರ್ ಕಳೆದುಹೋದರೆ ತೊಂಬತ್ನಾಲ್ಕು ಹಾಗೇ ಉಳಿಯುತ್ತದೆ ಎಂದುಕೊಂಡಿದ್ದ. ಮಾಹಿತಿ ಅಳಿಸಿ ಹಾಕಲು ಮಾತ್ರ ಕೈ ಏಳಲಿಲ್ಲ. "ಯಾರಾದರೂ ಒಬ್ಬರು, ನನ್ನ ಮುಂದ ಇನ್ನೊಮ್ಮೆ ಓಡಿಸಿ ತೋರ್ಸು ಅಂದಿದ್ರ ಹೇಳಿಬಿಡ್ತಿದ್ನಿ ಮೇಡಂ," ಎಂದ. ಆಮ್ರಪಾಲಿ ಅದನ್ನೂ ಹೇಳಿಕೆಯಲ್ಲಿ ಬರೆಸಿದರು.

ಸಂಜೆ 5:25ಕ್ಕೆ ಬೆಳಗಾವಿಯ ಆಸ್ಪತ್ರೆಯಲ್ಲಿ ತಾಯವ್ವನ ಬಿ.ಪಿ. ನೂರಾ ಎಂಬತ್ತಕ್ಕೆ ಏರಿತ್ತು. ಆಪರೇಷನ್ ಕೋಣೆಯ ಬಾಗಿಲು ಹಾಕಿದ ಮೇಲೆ ನರ್ಸ್ ಒಬ್ಬಳು ಫಾರಂ ಹಿಡಿದು ಬಂದಳು. "ಪೇಶಂಟ್ ಹೆಸರು?"

ಪರಪ್ಪ ಪೆನ್ನು ಇಸಿದುಕೊಂಡ. ಖಾನೆ ಚಿಕ್ಕದಿತ್ತು. ಅಕ್ಷರ ಸಣ್ಣ ಮಾಡಿ, ಅಂಚಿಗೆ ಒತ್ತಿ, ಎರಡೂ ಹೆಸರು ಬರೆದ. ಬರೆದು ಮುಗಿಸುವಷ್ಟರಲ್ಲಿ ಒಳಗೆ ಕೂಸು ಅತ್ತಿತು. ತಾಯಿ ಹೇಗಿದ್ದಾಳೆಂದು ಯಾರಾದರೂ ಬಂದು ಹೇಳಲೆಂದು ಅವನು ಬಾಗಿಲು ನೋಡುತ್ತ ನಿಂತ.

6:10ಕ್ಕೆ ಬಾಗಿಲು ತೆರೆಯಿತು. "ಭಾಗ್ಯಾ ಉರ್ಫ್ ತಾಯವ್ವನ ಕಡೆಯವರು ಯಾರ್ರಿ? ಬರ್ರಿ, ಎಚ್ಚರ ಆಗ್ಯಾಳ, ಅಪ್ಪನ್ನ ಕೇಳಾಕತ್ತಾಳ."