ನೊರೆ ಬರದ ಸೋಪು

ದರ್ಜಿ ಠಾಣೆಗೆ ಬಂದಾಗ ಅವನ ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಅಂಗಡಿ ತೆರೆದು, ಕೆಲಸಕ್ಕೆ ಕೈ ಹಾಕಲು ನೋಡಿ, ಆಗದೆ ಎದ್ದು ಬಂದಿದ್ದನಂತೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ. ಬರೆದುಕೊಂಡು ಬಂದಿದ್ದ ದೂರನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದ.

ದೂರಿನಲ್ಲಿ ಇದ್ದದ್ದು ಇಷ್ಟು. ದಿನ ತುಂಬುವ ಮೊದಲೇ ಹುಟ್ಟಿದ ಅವನ ಮಗಳು ದೊಡ್ಡಾಸ್ಪತ್ರೆಯ ಎಳೆಶಿಶುಗಳ ವಾರ್ಡಿನಲ್ಲಿದ್ದಳು. ತೂಕ ಏರುತ್ತಿತ್ತು, ಮನೆಗೆ ಕಳಿಸುವ ಮಾತೂ ಆಗಿತ್ತು. ಅಷ್ಟರಲ್ಲಿ ಜ್ವರ ಬಂತು, ರಕ್ತಕ್ಕೆ ಸೋಂಕು ಹತ್ತಿತು, ಶುಕ್ರವಾರ ಮಗು ಹೋಯಿತು. ಅದೇ ವಾರ್ಡಿನ ಇನ್ನೆರಡು ಕೂಸುಗಳಿಗೂ ಅದೇ ಸೋಂಕು ತಗಲಿ, ಹೇಗೋ ಜೀವ ಹಿಡಿದುಕೊಂಡಿದ್ದವು. ಮಕ್ಕಳ ರಕ್ತದಲ್ಲಿದ್ದ ಕ್ರಿಮಿಯನ್ನು ಆಸ್ಪತ್ರೆಯ ಪ್ರಯೋಗಾಲಯದವರು ವಾರ್ಡಿನಲ್ಲೆಲ್ಲ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ಕೈ ತೊಳೆಯುವ ದ್ರವ ಸೋಪಿನ ಬಾಟಲಿಯಲ್ಲಿ. ಕ್ರಿಮಿಗಳನ್ನು ಕೊಲ್ಲಲೆಂದೇ ತರಿಸಿದ್ದ ಸೋಪು ಅದು.

"ಕಂಪನಿಯೋನು ನೀರು ಬೆರೆಸಿದಾನೆ ಸಾರ್," ಎಂದ ದರ್ಜಿ. "ಯಾರು ಅಂತ ಪತ್ತೆ ಮಾಡಿ ಹೇಳಿ. ಅಷ್ಟು ಸಾಕು ನನಗೆ."

"ಹೇಳ್ತೀನಿ," ಎಂದುಬಿಟ್ಟರು ಇನ್‌ಸ್ಪೆಕ್ಟರ್. ಇಷ್ಟು ವರ್ಷದ ನೌಕರಿಯಲ್ಲಿ ಹೀಗೆ ಮಾತು ಕೊಡುವವರಲ್ಲ ಅವರು. ಆದರೆ ಎದುರಿಗೆ ನಿಂತವನ ಮುಖ ನೋಡಿ ಬಾಯಿಂದ ಬಂದುಹೋಗಿತ್ತು.

ಎಫ್‌ಐಆರ್ ಬರೆಯಲು ಕೂತವರು ಹೆಡ್ ಕಾನ್‌ಸ್ಟೇಬಲ್. ಪಂಚನಾಮೆ ಬರೆಯುವುದೆಂದರೆ ಅವರಿಗೆ ಹಬ್ಬದೂಟ. ಮೇಜಿನ ಕಾಲಿನ ಗೀರನ್ನೂ ಬಿಡದೆ ಬರೆಯುತ್ತಿದ್ದರು. ಆದ್ದರಿಂದ ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವರು 'ಪಂಚನಾಮೆ'ಯೇ ಆಗಿದ್ದರು. ಮೃತರ ಹೆಸರಿನ ಕಾಲಮಿಗೆ ಬಂದಾಗ ಏನನ್ನೂ ಬಿಡದ ಆ ಮನುಷ್ಯನ ಕೈಯೂ ನಿಂತಿತು. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ. 'ಹೆಸರಿಡದ ಹೆಣ್ಣು ಶಿಶು' ಎಂದು ಬರೆದು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದ ಮೇಲೆ ಪ್ರಕರಣ ದಾಖಲಿಸಿಕೊಂಡರು. ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದಿತ್ತು.

ಮಧ್ಯಾಹ್ನ ಇಬ್ಬರೂ ಆಸ್ಪತ್ರೆಗೆ ಹೋದರು. ಆಡಳಿತಾಧಿಕಾರಿ ಈ ವಿಷಯದಿಂದ ಆಗಲೇ ಕೈ ತೊಳೆದುಕೊಂಡಾಗಿತ್ತು; ಸೋಪು ಹೊರಗಿನದು, ಹೊಣೆಯೂ ಹೊರಗಿನವರದು ಎಂದರು. ವಾರ್ಡಿನ ಬಾಗಿಲಲ್ಲಿ ಇವರನ್ನು ತಡೆದದ್ದು ಹಿರಿಯ ನರ್ಸು. ಎಲ್ಲರೂ ಆಕೆಯನ್ನು 'ದೊಡ್ಡಕ್ಕ' ಎನ್ನುತ್ತಿದ್ದರು. ಪೊಲೀಸರಾದರೇನು, ಮೊಣಕೈಯವರೆಗೆ ತೊಳೆದುಕೊಳ್ಳದೆ ಒಳಗೆ ಕಾಲಿಡುವಂತಿಲ್ಲ ಎಂದು ತಾವೇ ನಲ್ಲಿ ಬಿಟ್ಟು ನಿಂತರು. ಬೆರಳ ಸಂದು, ಉಗುರಿನ ಬುಡ, ಹೆಬ್ಬೆರಳ ಸುತ್ತ ಉಜ್ಜಿಸಿದರು. ಪಂಚನಾಮೆಯವರು ಶಾಲೆಯ ಹುಡುಗನ ಹಾಗೆ ಎರಡೆರಡು ಸಲ ಕೈ ತೋರಿಸಿ ಪಾಸಾದರು. ಇನ್‌ಸ್ಪೆಕ್ಟರಿಗೆ ಆ ಹೆಂಗಸಿನ ಮೇಲೆ ಆಗಲೇ ಗೌರವ ಹುಟ್ಟಿತು.

ಶನಿವಾರವೇ ತೆಗೆದಿಟ್ಟಿದ್ದ ಬಾಟಲಿಗಳನ್ನು ದೊಡ್ಡಕ್ಕನೇ ಬೀರುವಿನಿಂದ ತಂದುಕೊಟ್ಟರು. ಒಳಗಿದ್ದ ಸೋಪು ಹಾಲಿನಂತೆ ಬೆಳ್ಳಗಿತ್ತು. ಬಾಟಲಿಯ ಮೇಲೆ ಚೀಟಿಯಿರಲಿಲ್ಲ. ಐದು ಲೀಟರಿನ ಕ್ಯಾನುಗಳು ಕೆಳಗಿನ ದಾಸ್ತಾನು ಕೋಣೆಯಲ್ಲೇ ಉಳಿಯುತ್ತವೆ, ವಾರ್ಡಿಗೆ ಬರುವುದು ಸುರಿದು ಕೊಟ್ಟ ಸೋಪು ಮಾತ್ರ ಎಂದು ತಿಳಿಯಿತು. ಪಂಚರ ಸಮಕ್ಷಮ ಎಲ್ಲವನ್ನೂ ಪೊಟ್ಟಣ ಕಟ್ಟಿ ಮೊಹರು ಹಾಕಿದರು. ಯಾರಾದರೂ ಇದಕ್ಕೆ ಕಲಬೆರಕೆ ಮಾಡಿದ್ದುಂಟೇ ಎಂದು ಇನ್‌ಸ್ಪೆಕ್ಟರ್ ಒಬ್ಬೊಬ್ಬರನ್ನೇ ಕೇಳಿದರು. ಆಯಾಗಳು, ನರ್ಸುಗಳು, ದೊಡ್ಡಕ್ಕ, ಯಾರೂ ತಡವರಿಸಲಿಲ್ಲ. ಇಲ್ಲವೆಂದರು. ಸುಳ್ಳು ಹೇಳುವವರ ಕಣ್ಣು ಅವರಿಗೆ ಗೊತ್ತಿತ್ತು. ಇವರ್ಯಾರ ಕಣ್ಣೂ ಹಾಗಿರಲಿಲ್ಲ.

ಸೋಪು ತಯಾರಾಗುತ್ತಿದ್ದದ್ದು ಊರ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಮಾರನೆಯ ದಿನ ಅಲ್ಲಿಗೆ ಹೋಗುವಾಗ ಇನ್‌ಸ್ಪೆಕ್ಟರಿಗೆ ಕೊಳಕು ತೊಟ್ಟಿ, ಬಾಯಿ ತೆರೆದ ಪೀಪಾಯಿ, ಮುಚ್ಚಿಡಲು ಹೆಣಗುವ ಮಾಲೀಕ, ಎಲ್ಲವೂ ಸಿಗುತ್ತವೆಂಬ ನಂಬಿಕೆಯಿತ್ತು. ಸಿಕ್ಕಿದ್ದು ಒರೆಸಿ ಇಟ್ಟ ನೆಲ, ಮುಚ್ಚಳ ಬಿಗಿದ ಸ್ಟೀಲ್ ತೊಟ್ಟಿಗಳು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಒಬ್ಬ ಕೆಮಿಸ್ಟ್ ಹೆಂಗಸು. ಅವರಿಗೆ ಒಳಗೊಳಗೇ ನಿರಾಸೆಯಾಯಿತು. ಕೆಟ್ಟವನೊಬ್ಬ ಸಿಕ್ಕಿದ್ದರೆ ಕೆಲಸ ಎಷ್ಟು ಹಗುರವಾಗುತ್ತಿತ್ತು.

ಮೊಹರಿನ ಪೊಟ್ಟಣದ ಪ್ಲಾಸ್ಟಿಕ್ಕಿನೊಳಗಿಂದಲೇ ಬಾಟಲಿಯನ್ನು ನೋಡಿ ಆಕೆ, "ಇದು ನಂದಲ್ಲ," ಎಂದರು.

"ಹೇಗೆ ಹೇಳ್ತೀರಿ?"

"ನಂದು ನೀರಿನ ಹಾಗೆ ತಿಳಿಯಾಗಿರತ್ತೆ. ಇದು ಬೆಳ್ಳಗಿದೆ. ಯಾರೋ ಇದಕ್ಕೆ ನೊರೆ ಸೋಪು ಹಾಕಿದಾರೆ."

ಪ್ರತಿ ತಯಾರಿಕೆಯಿಂದಲೂ ಒಂದು ಸೀಸೆ ಎತ್ತಿಡುವುದು ಅವರ ಪದ್ಧತಿ. ಆಸ್ಪತ್ರೆಗೆ ಹೋದ ಅದೇ ತಯಾರಿಕೆಯ ಸೀಸೆಯನ್ನು ತಂದು ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಸುರಿದರು. ಇನ್ನೊಂದು ಲೋಟದಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ದ್ರವ ಸೋಪು. ಅದೂ ತಿಳಿ, ಇದೂ ತಿಳಿ. ಎರಡನ್ನೂ ಸೇರಿಸಿ ಕಲಕಿದಾಗ ಲೋಟದೊಳಗೆ ಬಿಳಿ ಮೋಡ ಕವಿದುಕೊಂಡಿತು. ಪಂಚನಾಮೆಯವರು ಬರೆಯುವುದನ್ನು ಬಿಟ್ಟು ಬಗ್ಗಿ ನೋಡಿದರು.

ಆಕೆ ವಿವರಿಸಿದರು. ಈ ಸೋಪಿನಲ್ಲಿರುವ ಔಷಧದ ಕಣಗಳಿಗೆ ಧನ ವಿದ್ಯುತ್ತಿನ ಗುಣ. ಕ್ರಿಮಿಗಳ ಹೊರಪೊರೆಗೆ ಋಣದ ಗುಣ. ಒಂದನ್ನೊಂದು ಸೆಳೆಯುತ್ತವೆ, ಔಷಧ ಹೋಗಿ ಪೊರೆಗೆ ಅಂಟಿ ಅದನ್ನು ಹರಿದುಹಾಕುತ್ತದೆ. ಕಷ್ಟವೇನೆಂದರೆ, ಸಾಮಾನ್ಯ ಸೋಪಿನಲ್ಲಿ ಭರ್ಜರಿ ನೊರೆ ಕೊಡುವ ಅಂಶವೂ ಋಣದ್ದೇ. ಅದನ್ನು ಸೇರಿಸಿದರೆ ಔಷಧ ಕ್ರಿಮಿಯ ಗೊಡವೆ ಬಿಟ್ಟು ಅದನ್ನೇ ತಬ್ಬಿಕೊಂಡುಬಿಡುತ್ತದೆ.

"ಹೊಸದಾಗಿ ಮದುವೆ ಆದೋರ ಥರ. ಆಮೇಲೆ ಊರ ಉಸಾಬರಿ ಬೇಡ ಅವಕ್ಕೆ," ಎಂದು ನಗಲು ಹೋಗಿ, ಎದುರಿಗಿರುವವರು ಏತಕ್ಕೆ ಬಂದಿದ್ದಾರೆಂಬುದು ನೆನಪಾಗಿ ಸುಮ್ಮನಾದರು.

ಹಾಗಾಗಿಯೇ ಅವರು ಯಾವ ವಿದ್ಯುತ್ ಗುಣವೂ ಇಲ್ಲದ ಬೇರೆ ಸೋಪಂಶವನ್ನು ಹುಡುಕಿ, ಅದು ಗಟ್ಟಿಯಾಗಿ ನಿಲ್ಲಲು ತಿಂಗಳುಗಟ್ಟಲೆ ಒದ್ದಾಡಿದ್ದರು. ಕ್ರಿಮಿ ಸಾಯುತ್ತಿತ್ತು, ಕೈಯೂ ಬಿರಿಯುತ್ತಿರಲಿಲ್ಲ. ನೊರೆ ಮಾತ್ರ ಹೆಸರಿಗಷ್ಟೇ. ನೊರೆಯಿಲ್ಲವೆಂದು ಆಸ್ಪತ್ರೆಯ ಖರೀದಿ ಅಧಿಕಾರಿ ಫೋನು ಮಾಡಿದ್ದಾಗ, ಅದು ಬರುವುದೂ ಇಲ್ಲ, ಬರಿಸಲೂ ಬಾರದು, ಬೇರೆ ಸೋಪು ಬೆರೆಸಿದರೆ ಎರಡೂ ಕೆಡುತ್ತವೆ ಎಂದು ಹೇಳಿದ್ದರು. ಕ್ಯಾನಿನ ಮೇಲೂ ಅಚ್ಚು ಹಾಕಿಸಿದ್ದರು. ಖರೀದಿ ಅಧಿಕಾರಿಯನ್ನು ಅಂದೇ ಕರೆಸಿ ಕೇಳಿದ್ದಾಯಿತು. ಆತನಿಗೆ ಅಂಥದ್ದೊಂದು ಫೋನು ಮಾಡಿದ ಹಾಗೂ ಇತ್ತು, ಮಾಡದ ಹಾಗೂ ಇತ್ತು. ಮರೆತವನನ್ನು ಹಿಡಿದು ಒಳಗೆ ಹಾಕಲು ಯಾವ ಕಲಮೂ ಇಲ್ಲವಲ್ಲ ಎಂದು ಇನ್‌ಸ್ಪೆಕ್ಟರ್ ಹಲ್ಲು ಕಡಿದರು.

ದಾಸ್ತಾನು ಕೋಣೆಯ ಕ್ಯಾನುಗಳಲ್ಲಿದ್ದ ಸೋಪು ತಿಳಿಯಾಗಿಯೇ ಇತ್ತು. ಬೆಳ್ಳಗಾದದ್ದು ವಾರ್ಡಿಗೆ ಹೋದ ಮೇಲೆ. ಬುಧವಾರ ಇನ್‌ಸ್ಪೆಕ್ಟರ್ ಒಬ್ಬರೇ ಹೋಗಿ ವಾರ್ಡಿನ ಬಾಗಿಲ ಬಳಿ, ಕೈ ತೊಳೆಯುವ ತೊಟ್ಟಿಗೆ ಎದುರಾಗಿ ನಿಂತರು. ಅಲ್ಲಿ ಈಗ ಹೊಸ ಬಾಟಲಿಯಿತ್ತು, ಕ್ಯಾನಿನಿಂದ ನೇರವಾಗಿ ತುಂಬಿದ್ದು. ಒಬ್ಬ ಆಯಾ ಬಂದಳು, ಬಾಟಲಿ ಒತ್ತಿದಳು, ಉಜ್ಜಿ ನೋಡಿದಳು, ಇನ್ನಷ್ಟು ಒತ್ತಿದಳು, ಮುಖ ಕಿವಿಚಿಕೊಂಡು ನೀರಿಗೆ ಹಿಡಿದು ಮುಗಿಸಿದಳು.

"ಯಾಕಮ್ಮ, ಏನಾಯ್ತು?"

"ನೊರೆನೇ ಇಲ್ಲ ಸಾರ್. ತೊಳ್ದಂಗೇ ಆಗಲ್ಲ. ದೊಡ್ಡಕ್ಕ ಇದನ್ನ ಇನ್ನೂ ಸರಿ ಮಾಡಿಲ್ಲ."

ಆಕೆ ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಇನ್‌ಸ್ಪೆಕ್ಟರಿಗೆ ಆಗ ಹೊಳೆಯಿತು. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕಲಬೆರಕೆ ಮಾಡಿದ್ದೀರಾ ಎಂದು ಕೇಳಿದ್ದಕ್ಕೆ ಇಲ್ಲವೆಂದಿದ್ದರು. ಸರಿ ಮಾಡುವುದು ಅವರ ಲೆಕ್ಕದಲ್ಲಿ ಕಲಬೆರಕೆಯಲ್ಲ. ತಿರುಗಿ ಹೊರಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಠಾಣೆಯಲ್ಲಿ ಒಂದು ಎಫ್‌ಐಆರ್ ಇತ್ತು, ಅದರಲ್ಲಿ ಹೆಸರಿಲ್ಲದ ಒಂದು ಮಗುವಿತ್ತು.

ದೊಡ್ಡಕ್ಕ ನರ್ಸುಗಳ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು.

"ಸೋಪಿಗೆ ಏನು ಹಾಕ್ತಿದ್ರಿ?"

"ನೊರೆ ಸೋಪು. ಅಂಗಡಿಯದೇ, ನಾನೇ ತರ್ತಿದ್ದೆ. ಗಟ್ಟಿಯಾದ್ರೆ ಸ್ವಲ್ಪ ನಲ್ಲಿ ನೀರು."

"ಬಾಟಲಿ ಖಾಲಿ ಮಾಡಿ ತೊಳೀತಿದ್ರಾ?"

"ಇಲ್ಲ. ಮುಗಿಯೋಕೆ ಬಿಡ್ತಿರ್ಲಿಲ್ಲ. ಸೋಪಿಲ್ಲ ಅಂತ ಯಾರೂ ಹಾಗೇ ಹೋಗ್ಬಾರ್ದು ನೋಡಿ. ಮೇಲಿಂದ ತುಂಬ್ತಾ ಇರ್ತಿದ್ದೆ."

ಕೆಮಿಸ್ಟ್ ಹೇಳಿದ್ದನ್ನು ಇನ್‌ಸ್ಪೆಕ್ಟರ್ ನಿಧಾನವಾಗಿ ಹೇಳತೊಡಗಿದರು. ಆ ಔಷಧವೇ ಸೋಪನ್ನೂ ಕೆಡದಂತೆ ಕಾಯುತ್ತಿತ್ತು. ಅದು ಸತ್ತ ಮೇಲೆ ನಲ್ಲಿ ನೀರಿನ ಜೊತೆ ಬಂದ ಕ್ರಿಮಿಗೆ ಬಾಟಲಿಯೇ ಮನೆಯಾಯಿತು. ಮಾತು ಅರ್ಧ ದಾರಿಯಲ್ಲಿರುವಾಗಲೇ ದೊಡ್ಡಕ್ಕನಿಗೆ ಎಲ್ಲ ಅರ್ಥವಾಗಿತ್ತು. ಮಡಚುತ್ತಿದ್ದ ಬಟ್ಟೆಯನ್ನು ಬಿಡಲಿಲ್ಲ. ಅದನ್ನೇ ಬಿಚ್ಚಿ ಮತ್ತೆ ಮಡಚಿದರು.

"ಹೆರಿಗೆ ವಾರ್ಡಿನವರೂ ಕೇಳಿದ್ರು," ಎಂದರು ಆಮೇಲೆ. "ಅವರಿಗೂ ನಾನೇ ಹೇಳ್ಕೊಟ್ಟಿದೀನಿ. ಮೊದ್ಲು ಅಲ್ಲಿಗೆ ಫೋನ್ ಮಾಡಿ ಸಾರ್. ನಂದು ಆಮೇಲೆ ಬರ್ಕೊಳ್ಳೋರಂತೆ."

ಇನ್‌ಸ್ಪೆಕ್ಟರ್ ಫೋನು ಮಾಡಿದರು. ಪಂಚನಾಮೆಯವರು ಠಾಣೆಯಿಂದ ಓಡಿಬಂದು ಹೆರಿಗೆ ವಾರ್ಡಿನ ಬಾಟಲಿಗಳನ್ನೂ ವಶಪಡಿಸಿಕೊಂಡರು. ಅಲ್ಲಿ ಇನ್ನೂ ಯಾರಿಗೂ ಏನೂ ಆಗಿರಲಿಲ್ಲ. ದೊಡ್ಡಕ್ಕನ ನೆರವಿಲ್ಲದಿದ್ದರೆ ಆಗಬಹುದಿತ್ತು ಎಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು. ಬರೆದದ್ದರಿಂದ ಏನು ಪ್ರಯೋಜನವೆಂದು ಅವರಿಗೂ ತಿಳಿದಿರಲಿಲ್ಲ.

ಸಂಜೆ ಐದರ ಸುಮಾರಿಗೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ದೊಡ್ಡಕ್ಕನನ್ನು ದಸ್ತಗಿರಿ ಮಾಡಲಾಯಿತು. ಆಯಾಗಳು ಮೆಟ್ಟಿಲ ಮೇಲೆ ನಿಂತು ಸೆರಗು ಕಚ್ಚಿಕೊಂಡು ಅಳುತ್ತಿದ್ದರು. ಆಡಳಿತಾಧಿಕಾರಿ ಅಮಾನತಿನ ಆದೇಶವನ್ನು ಆಗಲೇ ಟೈಪು ಮಾಡಿಸಿದ್ದರು. ಅಂಥ ಕೆಲಸಗಳಲ್ಲಿ ಆ ಕಚೇರಿ ಬಲು ಚುರುಕು.

ಹೇಳಿಕೆಯಲ್ಲಿ ದೊಡ್ಡಕ್ಕ ಏನನ್ನೂ ಅಲ್ಲಗಳೆಯಲಿಲ್ಲ. ಆ ವಾರ್ಡಿನಲ್ಲಿ ಆಕೆಗೆ ತಲೆ ನರೆತಿತ್ತು. ಬಂದ ಹೊಸತರಲ್ಲಿ ಕೂಸುಗಳು ಸೋಂಕಿನಿಂದ ಒಂದರ ಹಿಂದೊಂದು ಹೋಗುವುದನ್ನು ಕಂಡಿದ್ದರು. ಕೈ ತೊಳೆಯಿರಿ ಎಂದು ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬೆನ್ನು ಹತ್ತಿ, ಬೈದು, ಅತ್ತು, ಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಅಭ್ಯಾಸ ಮಾಡಿಸಿದ್ದರು. ಹೊಸ ಸೋಪು ಬಂದ ಮೇಲೆ ಆ ಅಭ್ಯಾಸ ಕಣ್ಣೆದುರೇ ಕೈಬಿಟ್ಟು ಹೋಯಿತು. ನೊರೆ ಕಾಣದಿದ್ದರೆ ಜನ ಉಜ್ಜುವುದಿಲ್ಲ. ಹಾಗೆ ಮುಟ್ಟಿ ಹೀಗೆ ತೊಳೆದು ನಡೆದುಬಿಡುತ್ತಾರೆ. ನೊರೆ ಬರಿಸಿದ ಮೇಲೆ ಮತ್ತೆ ಎಲ್ಲರೂ ಬೆರಳ ಸಂದಿಯವರೆಗೆ ಉಜ್ಜತೊಡಗಿದರು. "ಅದನ್ನ ನೋಡಿ ನನಗೆ ಖುಷಿಯಾಗಿತ್ತು," ಎಂದರು. ಆ ಮಾತನ್ನು ಪಂಚನಾಮೆಯವರು ಹೇಳಿಕೆಯಲ್ಲಿ ಬರೆದುಕೊಂಡು, ಕನ್ನಡಕ ತೆಗೆದು ಒರೆಸಿಕೊಂಡು ಆಚೆ ಹೋದರು.

ಕತ್ತಲಾಗುವ ಮುನ್ನ ದರ್ಜಿ ಬಂದ. ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಈ ಸಲ ಕುರ್ಚಿ ತೋರಿಸುವ ಮೊದಲೇ ಕುಳಿತ. ದೊಡ್ಡಕ್ಕನನ್ನು ಬೈಯುತ್ತಾನೆಂದು ಇನ್‌ಸ್ಪೆಕ್ಟರ್ ಕಾದರು. ಬೈದರೆ ಕೇಳಿಸಿಕೊಳ್ಳಲು ಸಿದ್ಧವಾಗಿದ್ದರು. ಅವನು ಬೈಯಲಿಲ್ಲ.

"ದೂರು ವಾಪಸ್ ತಗೋತೀನಿ ಸಾರ್."

"ಆಗಲ್ಲ. ಸಾವಿನ ಕೇಸು. ನೀವು ಬೇಡ ಅಂದ್ರೂ ನಡೆಯತ್ತೆ, ನಾನು ಬೇಡ ಅಂದ್ರೂ ನಡೆಯತ್ತೆ."

ದರ್ಜಿ ತಲೆ ತಗ್ಗಿಸಿದ. ದೊಡ್ಡಕ್ಕನಿಗಾಗಿ ಅಲ್ಲ ಎಂದ. ಆಕೆಯ ಮೇಲಿನ ಸಿಟ್ಟು ಇನ್ನೂ ಎಲ್ಲಿಡಬೇಕೆಂದು ಅವನಿಗೇ ತಿಳಿದಿರಲಿಲ್ಲ. ಹೆಂಡತಿಗೆ ಮಗು ಸೋಂಕಿನಿಂದ ಹೋಯಿತೆಂದಷ್ಟೇ ಗೊತ್ತು. ಸೋಪಿನ ವಿಷಯ ಗೊತ್ತಿಲ್ಲ. ಹಾಲೂಡಿಸಲು ಮಗುವನ್ನು ಕೈಗೆತ್ತಿಕೊಳ್ಳುವ ಮುನ್ನ ಪ್ರತಿ ಸಲವೂ ಅವಳು ಅದೇ ತೊಟ್ಟಿಯಲ್ಲಿ ತೊಳೆದುಕೊಳ್ಳುತ್ತಿದ್ದಳು. ಬೇರೆ ತಾಯಂದಿರಿಗೆ ಇವಳನ್ನು ನೋಡಿ ಕಲಿಯಿರಿ ಎಂದು ದೊಡ್ಡಕ್ಕ ಹೇಳುತ್ತಿದ್ದರಂತೆ.

"ಕೋರ್ಟಲ್ಲಿ ಅವಳನ್ನೂ ಕರೀತಾರಾ?"

ಸಾಕ್ಷಿಗಳ ಪಟ್ಟಿಯಲ್ಲಿ ತಾಯಿಯನ್ನು ಬಿಡುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಹೇಗಾದರೂ ತಪ್ಪಿಸಬಹುದೇ ಎಂದು ಮಧ್ಯಾಹ್ನದಿಂದ ಯೋಚಿಸಿ ಸೋತಿದ್ದರು.

"ಕರೀತಾರೆ."

"ಏನಂತ ಕೇಳ್ತಾರೆ?"

"ಆ ಸೋಪಲ್ಲಿ ಕೈ ತೊಳ್ಕೊಂಡು ಮಗೂನ ಮುಟ್ತಿದ್ರಾ ಅಂತ."

ಹೊರಗೆ ಜೀಪು ನಿಂತ ಸದ್ದಾಯಿತು.

"ಹೌದು ಅಂತಾಳೆ ಸಾರ್," ಎಂದ. "ಒಂದು ಸಲಾನೂ ತಪ್ಪಿಸಿಲ್ಲ ಅಂತಾಳೆ."