ಲ್ಯಾವೆಂಡರಿಗೆ ನೀರೆರೆದವನು

ಬೇಕರಿಯ ಒಲೆ ಕೆಟ್ಟಿದ್ದರಿಂದ ಕೊರಿನ್ ಅಂದು ಮಧ್ಯಾಹ್ನವೇ ಮನೆಗೆ ಬಂದಳು. ಹಿತ್ತಲ ಗೇಟು ತೆರೆದವಳು ಅಲ್ಲೇ ನಿಂತುಬಿಟ್ಟಳು.

ಪಕ್ಕದ ಮನೆಯ ಫರ್ಗಸ್ ಬೇಲಿಯ ಮೇಲೆ ಬಾಗಿ, ಅವಳ ಲ್ಯಾವೆಂಡರ್ ಗಿಡಗಳಿಗೆ ಪೈಪಿನಿಂದ ನೀರು ಬಿಡುತ್ತಿದ್ದ. ಜೊತೆಗೆ ಮಾತು ಬೇರೆ. "ಕುಡೀರಮ್ಮ, ಕುಡೀರಿ. ನಿಮ್ಮ ಯಜಮಾನಿ ಬರೋದು ಸಂಜೆಗೆ."

"ಯಜಮಾನಿ ಬಂದಾಯ್ತು," ಎಂದಳು ಕೊರಿನ್.

ಪೈಪು ಜಾರಿ ಅವನ ಬೂಟಿನೊಳಗೇ ನೀರು ಸುರಿಯಿತು.

"ಯಾವಾಗಿಂದ ನಡೀತಿದೆ ಈ ಸೇವೆ?"

"ನೀವು ಈ ಮನೆಗೆ ಬಂದಾಗಿಂದ. ಪಾಪ, ಬಾಡ್ತಿದ್ವು ಅಂತ..."

"ಬಾಡ್ತಿರಲಿಲ್ಲ ರೀ, ಕೊಳೀತಿದ್ವು! ಪ್ರತಿ ವರ್ಷ ಹೊಸ ಗಿಡ ತಂದು ನೆಡ್ತೀನಿ, ಪ್ರತಿ ವರ್ಷ ಸಾಯ್ತವೆ. ನನ್ನ ಕೈಗುಣವೇ ಸರಿ ಇಲ್ಲ ಅಂದ್ಕೊಂಡಿದ್ದೆ. ದೋಣಿ ಕಟ್ಟೋರಿಗೆ ನೀರು ಎಲ್ಲಿರಬಾರದು ಅಂತ ಗೊತ್ತಿರಬೇಡ್ವಾ?"

ಹ್ಯೂಆನ್ ನದಿಯ ದಂಡೆಯಲ್ಲಿ ಅವನ ದೋಣಿಗಳಿಗೆ ಒಳ್ಳೆಯ ಹೆಸರಿತ್ತು. ಈಗ ಮಾತ್ರ ಅವನು ತಲೆ ತಗ್ಗಿಸಿ ಬೂಟಿನ ನೀರು ಚೆಲ್ಲಿದ. ಕಿವಿ ಕೆಂಪಾಗಿತ್ತು.

ಶನಿವಾರ ಬೆಳಿಗ್ಗೆ ಅವನು ಕೈಗಾಡಿ ತುಂಬ ಜಲ್ಲಿ ತಂದು ನಿಂತ. "ಶಿಕ್ಷೆ ಏನು ಹೇಳಿ."

"ಅಗೀರಿ."

ದಿನವಿಡೀ ಬಿಸಿಲು ಬೀಳುವ ಗೋಡೆಯ ಬದಿಯಲ್ಲಿ ಅವನು ಅಗೆದ. ನೀರು ನಿಲ್ಲದಂತೆ ಮಣ್ಣಿಗೆ ಜಲ್ಲಿ ಬೆರೆಸಿ ದಿಬ್ಬ ಮಾಡಿದ. ಟಾಸ್ಮೇನಿಯಾದ ಹುಳಿ ಮಣ್ಣಿಗೆ ಕೊರಿನ್ ಸುಣ್ಣದ ಪುಡಿ ಉದುರಿಸಿದಳು. ಗಾಳಿ ಬೀಸಿತು; ಅರ್ಧ ಸುಣ್ಣ ಅವನ ಗಡ್ಡಕ್ಕೆ.

"ಒಂದೇ ಕ್ಷಣಕ್ಕೆ ಅಜ್ಜ ಆಗಿಬಿಟ್ರಿ," ಎಂದು ಅವಳು ನಕ್ಕಳು. ಒರೆಸಲು ಕೈ ಮುಂದೆ ಹೋಯಿತು, ಅರ್ಧದಲ್ಲೇ ನಿಂತಿತು. ಇಬ್ಬರೂ ಒಟ್ಟಿಗೆ ಸುಣ್ಣದ ಚೀಲದತ್ತ ನೋಡಿದರು.

ಆ ವಸಂತದಲ್ಲಿ ದಿಬ್ಬದ ಮೇಲೆ ನೆಟ್ಟ ಹೊಸ ಗಿಡಗಳು ಬೇರು ಬಿಟ್ಟ ಮೇಲೆ ನೀರು ಹಾಕುವ ಕೆಲಸವೇ ಉಳಿಯಲಿಲ್ಲ. ಆದರೂ ಅವನು ದಿನಾ ಸಂಜೆ ಬೇಲಿಗೆ ಬರುತ್ತಿದ್ದ. "ಬಾಯಾರಿಕೆ ಅಂತಿದಾವಾ?"

"ಇಲ್ಲ. ನಿಮಗಾಗಿದ್ರೆ ಟೀ ಇದೆ, ಬನ್ನಿ."

ಟೀ ಕುಡಿಯುತ್ತ ಕುಡಿಯುತ್ತ 'ನೀವು' ಯಾವಾಗಲೋ 'ನೀನು' ಆಯಿತು. ಡಿಸೆಂಬರ್ ಕೊನೆಗೆ, ಅಲ್ಲಿನ ಬೇಸಿಗೆಯಲ್ಲಿ, ದಿಬ್ಬದ ತುಂಬ ನೇರಳೆ ಹೂ. ಜೇನ್ನೊಣಗಳ ಗುಂಯ್‌ಗುಡುವಿಕೆ ಅಡುಗೆಮನೆಯವರೆಗೂ ಕೇಳುತ್ತಿತ್ತು.

ಆಗಲೇ ಮೆಲ್ಬರ್ನಿನಿಂದ ಅಕ್ಕ ಇಮೋಜನ್ ಫೋನ್ ಮಾಡಿದ್ದು. ಅವಳು ಕೆಫೆ ತೆರೆಯುತ್ತಿದ್ದಳು. ಕೊರಿನ್ ಬಂದು ಜೊತೆಗಿರಬೇಕು ಎಂಬುದು ಅವಳ ಒತ್ತಾಯ. ಸುದ್ದಿ ಕೇಳಿದ ಫರ್ಗಸ್ "ಒಳ್ಳೇದಾಯ್ತು" ಎಂದ. ಟೀ ಅರ್ಧಕ್ಕೇ ಬಿಟ್ಟು ಎದ್ದ. ಅವಳಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ.

ಹೂ ಮುಗಿದ ಮೇಲೆ ಗಿಡ ಸವರುವ ದಿನ ಅವನೇ ಕತ್ತರಿ ಹಿಡಿದು ಬಂದ.

"ಹಸಿರು ಇರೋ ಕಡೆ ಮಾತ್ರ ಕತ್ತರಿಸು," ಎಂದಳು ಅವಳು. "ಕೆಳಗಿನ ಬಲಿತ ಕಟ್ಟಿಗೆ ಮುಟ್ಟಿದ್ರೆ ಮತ್ತೆ ಚಿಗುರಲ್ಲ. ಸರಿಯಾಗಿ ಕಲ್ತ್ಕೋ, ಮುಂದಿನ ವರ್ಷ ನೀನೇ ಮಾಡ್ಬೇಕು."

"ಮಾಡಲ್ಲ."

"ಯಾಕೆ?"

"ನಂಗೆ ಲ್ಯಾವೆಂಡರ್ ಅಂದ್ರೆ ಅಷ್ಟಕ್ಕಷ್ಟೆ, ಕೊರಿನ್. ವಾಸನೆಗೆ ಸೀನು ಬರುತ್ತೆ."

"ಮತ್ತೆ ಇಷ್ಟು ದಿನ?"

ಅವನು ಕತ್ತರಿಯನ್ನು ನೆಲಕ್ಕಿಟ್ಟ. "ನೀನು ಇಲ್ಲಿರ್ತಿದ್ಯಲ್ಲ. ಹೋಗ್ಬೇಡ. ಕೇಳೋ ಹಕ್ಕಿಲ್ಲ ನಂಗೆ, ಆದ್ರೂ ಕೇಳ್ತಿದೀನಿ. ಹೋಗ್ಬೇಡ."

ಕೊರಿನ್ ಅವನನ್ನು ದಿಟ್ಟಿಸಿದಳು. "'ಒಳ್ಳೇದಾಯ್ತು' ಅಂದ್ಯಲ್ಲೋ, ಕಲ್ಲುಗುಂಡು! ಅವತ್ತಿಂದ ನಿದ್ದೆ ಮಾಡಿಲ್ಲ ನಾನು."

ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದಳು. "ಇಮೋಜನ್, ನಾನು ಬರಲ್ಲ ಕಣೇ. ಹಬ್ಬಕ್ಕೆ ಬರ್ತೀನಿ, ಇರೋಕೆ ಬರಲ್ಲ."

"ಯಾಕೇ? ಕೆಲಸ ಇಷ್ಟ ಇಲ್ವಾ?"

"ಕೆಲಸ ಇಷ್ಟ. ಆದ್ರೆ ಇಲ್ಲಿ ಒಬ್ಬನ್ನ ಪ್ರೀತಿಸ್ತಿದೀನಿ."

"ಅವನಿಗೆ ಗೊತ್ತಾ?"

ಕೊರಿನ್ ಫರ್ಗಸ್‌ನ ಕೈ ಹಿಡಿದುಕೊಂಡಳು. ಮಣ್ಣಾದ ಆ ಒರಟು ಕೈ ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು.

"ಈಗ ಗೊತ್ತಾಯ್ತು," ಎಂದಳು.