ಕಾಮಕಸ್ತೂರಿ ಯಾರು, ಕುಂಡ ಯಾರು?

"ಅದನ್ನ ಮುಟ್ಟಬೇಡಿ!"

ಔಷಧಿ ಅಂಗಡಿಯ ಕೆಲಸ ಮುಗಿಸಿ ಮಹಡಿ ಹತ್ತಿ ಬಂದ ಅರ್ಗಿರೊ ಬಾಗಿಲಲ್ಲೇ ಕೂಗಿದಳು. ಗುರುತೇ ಇಲ್ಲದ ಗಂಡಸೊಬ್ಬ ಅವಳ ಬಾಲ್ಕನಿಯಲ್ಲಿ ಮಂಡಿಯೂರಿ ಕೂತು, ಅವಳ ಹೈಡ್ರೇಂಜಿಯಾ ಗಿಡವನ್ನು ಬೇರುಸಮೇತ ಕುಂಡದಿಂದ ಎತ್ತುತ್ತಿದ್ದ.

ಅವನು ತಿರುಗಿ ನೋಡಿದ. ಕೈತುಂಬ ಮಣ್ಣು, ಹುಬ್ಬಿನ ಮೇಲೂ ಮಣ್ಣು.

"ಇದು ಸತ್ತು ಎಷ್ಟೋ ದಿನ ಆಯ್ತು. ನೀವು ಹೆಣಕ್ಕೆ ನೀರು ಹಾಕ್ತಿದ್ದೀರಿ."

ಅರ್ಗಿರೊಳ ಕಣ್ಣು ತುಂಬಿತು. ತರಕಾರಿ ತೊಳೆದ ನೀರನ್ನೂ ಚೆಲ್ಲದೆ ಉಳಿಸಿ ಅದಕ್ಕೆ ಹಾಕಿದವಳು ಅವಳು. ಬೇಸಿಗೆ ಬಂತೆಂದರೆ ನಮ್ಮ ದ್ವೀಪದ ಊರು ಎರ್ಮುಪೋಲಿಯ ನಲ್ಲಿಗಳು ಯಾವಾಗ ನೀರು ಬಿಡುತ್ತವೋ, ಯಾವಾಗ ಬರೀ ಉಸಿರು ಬಿಡುತ್ತವೋ ಹೇಳಲಾಗದು. ಅಂಥದ್ದರಲ್ಲಿ ಹೆಣವಂತೆ... ಎಂಥ ಬಾಯಿ ಈ ಮನುಷ್ಯನದು!

ಒಳಗಿನಿಂದ ಕೋಲೂರಿಕೊಂಡು ಸೋದರತ್ತೆ ಎವಾಂಥಿಯಾ ಬಂದಳು. ತಾಯಿಯಿಲ್ಲದ ಅರ್ಗಿರೊಳನ್ನು ಸಾಕಿದವಳು ಅವಳೇ. ಸೊಂಟದ ಮೂಳೆ ಮುರಿದ ಮೇಲೆ ಗುಡ್ಡದ ಮೇಲಿನ ತನ್ನ ತುಂಡು ಹೊಲಕ್ಕೆ ಹೋಗಲಾಗದೆ ಮನೆಯಲ್ಲೇ ಸೊರಗುತ್ತಿದ್ದಳು.

"ನಾನೇ ಕರೆಸಿದ್ದು ಕಣೇ. ಲಿಯೋನಿಸ್ ಅಂತ, ಬಾಲ್ಕನೀಲಿ ಗಿಡ ಬೆಳೆಸಿಕೊಡ್ತಾನೆ. ನನ್ನ ಕೈಲಿ ಹೊಲಕ್ಕೆ ಹೋಗೋಕಾಗಲ್ಲ, ಹೊಲಾನೇ ಇಲ್ಲಿಗೆ ಬರ್ಲಿ."

ಹೀಗೆ ಶುರುವಾಯಿತು ನೋಡಿ, ಜಗಳದಿಂದಲೇ.

ಲಿಯೋನಿಸ್ ಮೊದಲ ಕೆಲವು ದಿನ ಏನನ್ನೂ ನೆಡಲಿಲ್ಲ. ಬಂದು, ನಿಂತು, ಗಾಳಿ ನೋಡಿ ಹೋಗುತ್ತಿದ್ದ. ಇವನಿಗೆ ತಲೆ ಸರಿಯಿದೆಯೇ ಎಂದು ಅರ್ಗಿರೊ ಅತ್ತೆಯನ್ನು ಕೇಳಿದ್ದೂ ಉಂಟು. ಆಮೇಲೆ ತಿಳಿಯಿತು, ಸಮುದ್ರದ ಉಪ್ಪುಗಾಳಿ ಉತ್ತರದಿಂದ ಬಡಿಯುವ ಮೂಲೆಗೆ ಅವನು ಗಟ್ಟಿ ಪೊದೆಗಳಾದ ರೋಸ್‌ಮರಿಯನ್ನೂ ಸೇಜನ್ನೂ ಗೋಡೆಯಂತೆ ನಿಲ್ಲಿಸಿದಾಗ. ಗಾಳಿಯ ಏಟು ಅವು ತಿಂದವು, ಹಿಂದಿನ ಟೊಮೆಟೊ ನೆಮ್ಮದಿಯಾಗಿ ಬೆಳೆಯಿತು. ಟೊಮೆಟೊ ಬುಡದಲ್ಲಿ ಗೋಣಿಸೊಪ್ಪು ಹಬ್ಬಿಸಿದ, ಮಣ್ಣಿಗೆ ನೆರಳು, ಅತ್ತೆಗೆ ಪಲ್ಯ. ಬಿಸಿಲು ಕುದಿಯುವ ಕಂಬಿಯ ಬಳಿ ಹೆಚ್ಚು ನೀರು ಬೇಡದ ಒರೆಗಾನೊ, ಥೈಮ್, ಕೇಪರ್ ಗಿಡಗಳನ್ನಿಟ್ಟು ಮೇಲೆ ಜಲ್ಲಿ ಹಾಸಿದ. ದೊಡ್ಡ ಕುಂಡಗಳಲ್ಲಿ ಒಂದೊಂದು ಮಣ್ಣಿನ ಕುಡಿಕೆ ಹೂತು ನೀರು ತುಂಬಿದ. ಬೇರು ತನಗೆ ಬೇಕಾದಾಗ ಅದರಿಂದ ಎಳೆದುಕೊಳ್ಳುತ್ತದಂತೆ.

"ಬಾಯಾರಿಕೆ ನೋಡಿ ಜೋಡಿಸಬೇಕು. ಹೆಚ್ಚು ಕುಡಿಯೋರ ಪಕ್ಕ ಹೆಚ್ಚು ಕುಡಿಯೋರು," ಎಂದು ಅವಳಿಗೆ ವಿವರಿಸಿದ.

ಕಾಮಕಸ್ತೂರಿ ಮಾತ್ರ ಬೇಡವೇ ಬೇಡ, ಅದು ನೀರಿನ ಕುಡುಕ ಎಂದು ಹಟ ಹಿಡಿದ. ಬಾಗಿಲಲ್ಲಿ ಕಾಮಕಸ್ತೂರಿ ಇಲ್ಲದ್ದು ಮನೆಯೇ ಅಲ್ಲ ಎಂದು ಅತ್ತೆ ಕೋಲು ಕುಟ್ಟಿದಳು. ಕೊನೆಗೆ ಸೋತವನು ಅವನೇ.

ಕೆಲಸ ಮುಗಿದರೂ ಅವನು ಬರುವುದು ನಿಲ್ಲಲಿಲ್ಲ. ಒಂದು ದಿನ ಗೊಬ್ಬರದ ನೆಪ, ಇನ್ನೊಂದು ದಿನ ಹುಳದ ನೆಪ. ಅತ್ತೆಗೆ ಅಂಜೂರ ತರುತ್ತಿದ್ದ, ಅವಳು ಹೇಳಿದ್ದನ್ನೇ ಹೇಳುವ ಕಥೆಗಳಿಗೆ ಹೊಸದಾಗಿ ನಗುತ್ತಿದ್ದ. ಒಂದು ಸಂಜೆ ಮೊದಲ ಟೊಮೆಟೊ ಕಿತ್ತು ಅರ್ಗಿರೊಳ ಅಂಗೈಯಲ್ಲಿಟ್ಟು, "ನೀನೇ ಮೊದಲು ತಿನ್ನು," ಅಂದ.

ನೀವು ಹೋಗಿ ನೀನು ಆಗಿತ್ತು! ಟೊಮೆಟೊ ರುಚಿ ಹೇಗಿತ್ತೋ ಅವಳಿಗೆ ನೆನಪಿಲ್ಲ.

ಆಗಲೇ ಆಥೆನ್ಸಿನಿಂದ ದನಾಯಿ ಬಂದಳು, ಚಿಕ್ಕಪ್ಪನ ಮಗಳು. ನಕ್ಕರೆ ಬೀದಿಯೇ ತಿರುಗಿ ನೋಡುವಂಥ ಹುಡುಗಿ. ಹಿಂದೊಮ್ಮೆ ಅರ್ಗಿರೊಳನ್ನು ನೋಡಲೆಂದು ಬಂದವನೊಬ್ಬ ಬೇಸಿಗೆಯಿಡೀ ಇವರ ಮನೆಯ ಕಾಫಿ ಕುಡಿದು, ಕೊನೆಗೆ ಕೇಳಿದ್ದು ದನಾಯಿಯನ್ನು. ದನಾಯಿ ನಕ್ಕು ಅವನನ್ನು ಓಡಿಸಿದ್ದಳು, ಅವಳದೇನೂ ತಪ್ಪಿಲ್ಲ. ಆದರೆ ಅರ್ಗಿರೊಳೊಳಗೆ ಏನೋ ಮುರಿದದ್ದು ಮುರಿದೇ ಇತ್ತು.

ಒಂದು ಸಂಜೆ ಅರ್ಗಿರೊ ಕಾಫಿ ತಟ್ಟೆ ಹಿಡಿದು ಬಾಲ್ಕನಿಯ ಬಾಗಿಲಿಗೆ ಬಂದಳು. ಹೊರಗೆ ಅತ್ತೆ, ದನಾಯಿ, ಲಿಯೋನಿಸ್. ಅತ್ತೆ ಕೇಳಿದ್ದೇನೋ ಕೇಳಿಸಲಿಲ್ಲ. ಅವನ ಉತ್ತರ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಗೊತ್ತಿರೋ ಗಾದೇನೇ ಅಲ್ವಾ? ಕಾಮಕಸ್ತೂರಿ ದೆಸೆಯಿಂದ ಕುಂಡಕ್ಕೂ ನೀರು."

ಮೂವರೂ ನಕ್ಕರು.

ತಟ್ಟೆಯಲ್ಲಿ ಕಾಫಿ ತುಳುಕಿತು. ಹಾಗಾದರೆ ಮತ್ತೆ ಅದೇ... ಕಾಮಕಸ್ತೂರಿ ದನಾಯಿ. ನನ್ನ ಜೊತೆ ಆಡಿದ ಮಾತು, ಆ ಟೊಮೆಟೊ, ಎಲ್ಲ ಕುಂಡಕ್ಕೆ ಬಿದ್ದ ನೀರು!

ಅವನು ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. ಮುಖ ಎತ್ತಲಿಲ್ಲ.

"ಕೆಲಸ ಮುಗೀತಲ್ಲ. ಇನ್ನು ನೀವು ಬರೋದು ಬೇಡ."

ಆ 'ನೀವು' ಅವನಿಗೆ ತಗುಲಿತು. ಗಿಡದವನು, ಬಲವಂತ ಮಾಡಿ ಅಭ್ಯಾಸವಿಲ್ಲ. ತಲೆಯಾಡಿಸಿ ಇಳಿದು ಹೋದ, ಮತ್ತೆ ಬರಲಿಲ್ಲ.

ದನಾಯಿ ಊರಿಗೆ ಹೊರಟುಹೋದಳು. ಅವಳು ಹೋದರೂ ಅವನು ಬರಲಿಲ್ಲ, ಇವಳು ಕರೆಯಲಿಲ್ಲ. ಗಿಡಗಳೇನೋ ಹಸಿರಾಗಿಯೇ ಇದ್ದವು. ಬಾಡಿದವಳು ಇವಳು. ಅತ್ತೆ ಎಷ್ಟು ದಿನ ನೋಡಿಯಾಳು? ಒಂದು ಬೆಳಗ್ಗೆ ಎದುರಿಗೆ ಕೂರಿಸಿಕೊಂಡು ಗದರಿಸಿದಳು, ಆ ಹುಡುಗನಿಗೆ ಏನಂದೆ ಎಂದು. ಅರ್ಗಿರೊ ಅಳುತ್ತಲೇ ಎಲ್ಲ ಹೇಳಿದಳು, ಗಾದೆಯನ್ನೂ.

ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ಅಯ್ಯೋ ಪೆದ್ದಿ. ಆ ಕುಂಡ ನಾನು ಕಣೇ! ಈ ಮುದುಕಿಗೆ ದಿನಾ ಯಾಕಪ್ಪ ಅಂಜೂರ ತರ್ತೀಯಾ ಅಂತ ಕೇಳ್ದೆ. ಅದಕ್ಕೆ ಹಾಗಂದ. ದನಾಯಿ ನಗ್ತಾ, ನಮ್ಮ ಅರ್ಗಿರೊಗೆ ಇದನ್ನ ಯಾವಾಗ ಹೇಳ್ತೀರಾ ಅಂತ ಅವನನ್ನ ಕಾಡಿಸಿದ್ದು ಕೇಳಿಸಲಿಲ್ವಾ ನಿಂಗೆ?"

ಕೇಳಿಸಿರಲಿಲ್ಲ. ಅಷ್ಟರಲ್ಲಿ ಅವಳು ಅಡುಗೆಮನೆಗೆ ಓಡಿದ್ದಳು.

ದೇವರೇ... ತನ್ನ ಬಾಯಿಂದಲೇ ಅವನನ್ನು ಹೊರಗೆ ಹಾಕಿದ್ದಳು. ಇನ್ನು ಅವನಾಗಿ ಬರುವವನಲ್ಲ. ಹೋಗಬೇಕಾದವಳು ತಾನೇ, ಹೇಳಬೇಕಾದವಳೂ ತಾನೇ. ಯಾರ ಮುಂದೆಯೂ ಏನನ್ನೂ ಕೇಳಿ ಗೊತ್ತಿಲ್ಲದವಳು ಅವಳು. ಆದರೂ ಮೆಟ್ಟಿಲಿಳಿದಳು.

ಅವನು ಹಿಂದಿನ ಬೀದಿಯಲ್ಲಿ, ಮರುಸೋ ಅಜ್ಜಿಯ ಬಾಲ್ಕನಿಯಲ್ಲಿ ಕೆಲಸ ಮಾಡುತ್ತಿದ್ದ. ಕೆಳಗಿನ ಬಾಗಿಲು ಹಾಕಿತ್ತು. ಅರ್ಗಿರೊ ಬೀದಿಯಲ್ಲೇ ನಿಂತು ಅವನ ಹೆಸರು ಕರೆದಳು. ಅವನು ಕಂಬಿಯ ಮೇಲೆ ಬಗ್ಗಿ ನೋಡಿದ. ಅಕ್ಕಪಕ್ಕದ ಕಿಟಕಿಗಳೂ ತೆರೆದುಕೊಂಡವು, ನಮ್ಮ ಊರಲ್ಲಿ ಕಿಟಕಿಗೂ ಕಿವಿ.

ಅವಳು ಮೆಲ್ಲಗೆ ಏನೋ ಹೇಳಿದಳು.

"ಜೋರಾಗಿ ಹೇಳಮ್ಮ," ಅಂದಳು ಮರುಸೋ ಅಜ್ಜಿ, "ನಂಗೂ ಕೇಳಿಸ್ತಿಲ್ಲ."

ಅರ್ಗಿರೊ ಕಣ್ಣು ಮುಚ್ಚಿದಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ನೀನು ಬರೋದು ದನಾಯಿಗೋಸ್ಕರ ಅಂದ್ಕೊಂಡೆ. ತಪ್ಪು ನಂದು. ನೀನಿಲ್ದೆ ನಂಗೆ ಆಗ್ತಿಲ್ಲ, ಲಿಯೋನಿಸ್."

ಬಾಲ್ಕನಿಯಿಂದ ಅವನ ತಲೆ ಮಾಯವಾಯಿತು. ಒಳಗೆ ಹೋಗಿಬಿಟ್ಟನೇ? ಅಷ್ಟರಲ್ಲಿ ಕೆಳಗಿನ ಬಾಗಿಲು ತೆರೆಯಿತು. ಓಡಿ ಬಂದು ಏದುಸಿರು ಬಿಡುತ್ತಿದ್ದ ಅವನು, ಮಣ್ಣು ಮೆತ್ತಿದ ಕೈಗಳನ್ನು ಅವಳ ಬಟ್ಟೆಗೆ ತಾಗದಂತೆ ದೂರ ಹಿಡಿದು ನಿಂತಿದ್ದ. ಅರ್ಗಿರೊ ತಾನೇ ಆ ಕೈಗಳನ್ನು ಹಿಡಿದುಕೊಂಡಳು.

"ಮನೆಗೆ ಬರ್ತೀಯಾ?"

"ನಿಮ್ಮ ಬಾಲ್ಕನೀಲಿ ನಂಗೆ ಕೆಲಸ ಏನೂ ಉಳಿದಿಲ್ವಲ್ಲ," ಎಂದ ಅವನು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಇಲ್ಲ," ಎಂದಳು ಅವಳು. "ಏನೂ ಕೆಲಸ ಇಲ್ಲ. ಸುಮ್ನೆ ಬಾ."